ರಾಜೀನಾಮೆ ಪತ್ರದಲ್ಲಿ ಇರದ ಸಾಲು

ಕೆಲಸ ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಕೊನೆಯ ಮಾತುಕತೆ ನಡೆಸುವುದು ನಮ್ಮ ಎಚ್‌ಆರ್ ವಿಭಾಗದ ಪಾಲಿಗೆ ಬಂದ ಕೆಲಸ. ಹದಿನೇಳು ವರ್ಷಗಳಿಂದ ಮಾಡುತ್ತಿದ್ದೇನೆ. ನಮೂನೆಯಲ್ಲಿ 'ಕಾರಣ' ಎಂಬ ಕಾಲಂ ಇರುತ್ತದೆ. ಬಹುತೇಕರು ಅಲ್ಲಿ 'ಉತ್ತಮ ಅವಕಾಶ' ಎಂದು ಬರೆದು ಮುಂದಿನ ಕಾಲಂಗೆ ಹೋಗುತ್ತಾರೆ. ಅನುಭವ ಪತ್ರ ಕೈಸೇರುವ ತನಕ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಅದಕ್ಕೆ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ನಮೂನೆ ತುಂಬಿಸಿ, ಸಹಿ ಹಾಕಿಸಿ, ಕಡತ ಮುಚ್ಚಿ ಪಕ್ಕಕ್ಕಿಟ್ಟ ಮೇಲೆ ಕೇಳುತ್ತೇನೆ: "ಬಿಡಬೇಕು ಎಂದು ಮೊದಲು ಅನ್ನಿಸಿದ್ದು ಯಾವ ದಿನ?"

ಏಕೆ ಎಂದು ಕೇಳಿದರೆ ತಡವರಿಸುವವರು ಯಾವ ದಿನ ಎಂದು ಕೇಳಿದರೆ ತಡವರಿಸುವುದಿಲ್ಲ.

ಲೆಕ್ಕಪತ್ರ ವಿಭಾಗದ ಹುಡುಗಿಯೊಬ್ಬಳು ಉತ್ತರ ಕೊಡುವ ಬದಲು ಫೋನ್ ತೆಗೆದು ನನ್ನ ಮುಂದಿಟ್ಟಳು. ಎರಡು ತಿಂಗಳ ಹಿಂದಷ್ಟೇ ಅವಳ ಸಂಬಳ ಏರಿತ್ತು. ಪರದೆಯಲ್ಲಿ ಮ್ಯಾನೇಜರ್ ಕಳಿಸಿದ ಸಂದೇಶ, ರಾತ್ರಿ 10:52ಕ್ಕೆ. ಒಂದು ಲೆಕ್ಕದ ಬಗ್ಗೆ ಪ್ರಶ್ನೆ, ಕೆಳಗೆ 'ಬೆಳಿಗ್ಗೆ ನೋಡಿದರೂ ಸಾಕು' ಎಂಬ ಸಾಲು. "ಬೆಳಿಗ್ಗೆ ನೋಡಿದರೆ ಸಾಕಾಗುವುದನ್ನು ಬೆಳಿಗ್ಗೆಯೇ ಕಳಿಸಬಹುದಿತ್ತಲ್ಲ, ಮೇಡಂ? ಓದಿದ ಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು?" ಆಮೇಲೆ ಆ ಮ್ಯಾನೇಜರ್ ಬಳಿ ಮಾತಾಡಿದಾಗ ಅವರು ನಿಜವಾಗಿಯೂ ಬೆಚ್ಚಿದರು. ಮರೆತುಹೋದೀತೆಂದು ಕಳಿಸಿದ್ದಂತೆ, ತೊಂದರೆಯಾಗದಿರಲೆಂದು ಆ ಕೊನೆಯ ಸಾಲು ಸೇರಿಸಿದ್ದಂತೆ. ಇಬ್ಬರ ಮಾತನ್ನೂ ನಾನು ನಂಬುತ್ತೇನೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲೇ ಕೈಗಾರಿಕೆಗಳಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಆಗ ಕೆಲಸ ಕಾರ್ಖಾನೆಯ ಗೇಟಿನೊಳಗೇ ಉಳಿಯುತ್ತಿತ್ತು, ಅಳೆಯುವುದು ಸುಲಭವಿತ್ತು. ಈಗ ಅದು ಜೇಬಿನಲ್ಲಿ ಕೂತು ಮನೆಗೆ ಬರುತ್ತದೆ. ಕಾನೂನುಗಳೂ ಅದರ ಹಿಂದೆ ಓಡುತ್ತಿವೆ. ಫ್ರಾನ್ಸ್ 2017ರಿಂದ 50 ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಹೊತ್ತಿನ ನಂತರ 'ಸಂಪರ್ಕ ಕಡಿದುಕೊಳ್ಳುವ ಹಕ್ಕು' ಕುರಿತು ಸಿಬ್ಬಂದಿಯೊಡನೆ ಮಾತುಕತೆ ನಡೆಸಲೇಬೇಕೆಂದಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ನಿರಾಕರಣೆ ಅಸಮಂಜಸ ಅನ್ನಿಸುವಂತಿಲ್ಲದಿದ್ದರೆ, ಕೆಲಸದ ಹೊತ್ತು ಮೀರಿ ಬಂದ ಕರೆಗೆ ಉತ್ತರಿಸದಿರಬಹುದು. ಪೋರ್ಚುಗಲ್ 2021ರಲ್ಲಿ ತಂದ ಕಾನೂನಿನ ಜಾಡು ಬೇರೆ: ತುರ್ತು ಅನಿವಾರ್ಯತೆಯ ಹೊರತು ಬಿಡುವಿನ ವೇಳೆಯಲ್ಲಿ ನೌಕರರನ್ನು ಸಂಪರ್ಕಿಸದಿರುವುದು ಮಾಲೀಕರ ಕರ್ತವ್ಯ. ನನ್ನ ಓಟು ಇದಕ್ಕೆ. ಉತ್ತರಿಸದಿರುವ ಹಕ್ಕು ಕೊಟ್ಟರೆ ಅದನ್ನು ಚಲಾಯಿಸುವ ಧೈರ್ಯವನ್ನೂ ನೌಕರನೇ ಹೊಂದಿಸಿಕೊಳ್ಳಬೇಕು. ಮುಂದಿನ ತಿಂಗಳು ಬಡ್ತಿಯ ಪಟ್ಟಿ ಹೊರಬೀಳುವುದಿದ್ದರೆ ಆ ಹಕ್ಕನ್ನು ಯಾರು ಮುಟ್ಟುತ್ತಾರೆ?

ಸಂಬಳದ ಬಗ್ಗೆ ಒಂದು ಮಾತು. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸದಲ್ಲಿ ತುಂಬಾ ಖುಷಿಯಾದ, ತುಂಬಾ ಬೇಸರವಾದ ಸಂದರ್ಭ ಹೇಳಿ ಎಂಬುದು ಅವರ ಪ್ರಶ್ನೆಯಾಗಿತ್ತು, ಅಂದರೆ ಹೆಚ್ಚುಕಡಿಮೆ ನನ್ನ 'ಯಾವ ದಿನ'ವೇ. ಸಂಬಳ, ಸೌಕರ್ಯ ಸಾಲದಿದ್ದರೆ ಬೇಸರ ಹುಟ್ಟುತ್ತದೆ, ಸಾಕಷ್ಟಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ ಎಂದರು. ಮ್ಯಾನೇಜರ್‌ಗಳಿಗೆ ಇದರ ಎರಡನೇ ಅರ್ಧ ಬಾಯಿಪಾಠ. ಮೊದಲ ಅರ್ಧ ಸಂಬಳ ಪರಿಷ್ಕರಣೆಯ ಸಭೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ತಿಂಗಳ ಇಪ್ಪತ್ತಕ್ಕೇ ಕೈ ಖಾಲಿಯಾಗುವವನಿಗೆ 'ನಮ್ಮದು ಒಂದು ಕುಟುಂಬದಂತೆ' ಎಂದು ಹೇಳಬಾರದು.

ಇನ್ನು ಆಟ-ಮೋಜು. ಸಮೀಕ್ಷೆಯಲ್ಲಿ ಸಿಬ್ಬಂದಿ 'ಒತ್ತಡ ಹೆಚ್ಚಾಗಿದೆ' ಎಂದದ್ದಕ್ಕೆ ಒಂದು ಕಚೇರಿಯಲ್ಲಿ ಟೇಬಲ್ ಟೆನಿಸ್ ಮೇಜು ತರಿಸಿದರು. ಇಟ್ಟದ್ದು ಮುಖ್ಯಸ್ಥರ ಗಾಜಿನ ಕೋಣೆಯ ಎದುರಿಗೇ. ಆರು ತಿಂಗಳ ನಂತರ ಅದರ ಮೇಲೆ ಹಳೆಯ ಮಾನಿಟರ್‌ಗಳ ಡಬ್ಬಗಳನ್ನು ಪೇರಿಸಿದ್ದರು, ಒಂದು ಬ್ಯಾಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ಬಿಚ್ಚಿರಲಿಲ್ಲ.

ಮನೆಯಿಂದಲೋ ಕಚೇರಿಯಿಂದಲೋ ಎಂಬ ಜಗಳದಲ್ಲೂ ಜನ ಕೇಳುವುದು ಸ್ಥಳದ ಪ್ರಶ್ನೆಯನ್ನೇ ಎಂದು ನನಗೆ ಅನ್ನಿಸಿಲ್ಲ. ವಾರಕ್ಕೆ ಮೂರು ದಿನ ಬರಲೇಬೇಕೆಂಬ ಸುತ್ತೋಲೆ ಹೊರಟ ಕಚೇರಿಯೊಂದರಲ್ಲಿ ಒಬ್ಬಾತ ಒಂದೂವರೆ ಗಂಟೆ ಪ್ರಯಾಣ ಮಾಡಿ ಬಂದು, ಹೆಡ್‌ಫೋನ್ ಹಾಕಿಕೊಂಡು, ಬೇರೆ ಊರುಗಳಲ್ಲಿದ್ದ ತನ್ನ ತಂಡದವರೊಡನೆ ಇಡೀ ದಿನ ವಿಡಿಯೊ ಸಭೆ ನಡೆಸಿ ಹಿಂದಿರುಗುತ್ತಿದ್ದ. ಅವನ 'ದಿನ' ಆ ಮೊದಲ ದಿನವೇ. ಬರುವುದಕ್ಕೆ ಅವನ ಅಡ್ಡಿಯಿರಲಿಲ್ಲ, ಏಕೆ ಎಂದು ಕೇಳಿದಾಗ 'ಮೇಲಿನವರ ಆದೇಶ' ಎಂದದ್ದು ಅವನನ್ನು ಕೆರಳಿಸಿತ್ತು. ಅದೇ ಕಚೇರಿಯಲ್ಲಿ ಹೊಸದಾಗಿ ಸೇರಿದವರು ಐದೂ ದಿನ ಬರಲು ತಯಾರಿದ್ದರು. ಪಕ್ಕದ ಕುರ್ಚಿಯವರು ಗ್ರಾಹಕರೊಡನೆ ಹೇಗೆ ಮಾತಾಡುತ್ತಾರೆಂದು ಕಿವಿಗೆ ಬೀಳುತ್ತಾ ಕಲಿಯುವ ಕೆಲಸ, ಒಂಟಿ ಕೋಣೆಯಲ್ಲಿ ಕೂತರೆ ಬಾರದು. ಎರಡು ಕೋಣೆಯ ಮನೆಯಲ್ಲಿ ನಾಲ್ವರಿರುವವರಿಗೂ ಕಚೇರಿಯೇ ನೆಮ್ಮದಿ. ಒಂದೇ ಸುತ್ತೋಲೆಯಲ್ಲಿ ಇವರೆಲ್ಲರನ್ನೂ ಕಟ್ಟಲು ಹೋದರೆ ಗಂಟು ಬೀಳುವುದು ಸಹಜ.

ನನ್ನನ್ನು ಹೆಚ್ಚು ಕಾಡಿದ 'ದಿನ' ಒಬ್ಬ ಹಿರಿಯ ಎಂಜಿನಿಯರರದು. ಸಭೆಯೊಂದರಲ್ಲಿ ಅವರು, ಗಡುವಿನ ಲೆಕ್ಕದಲ್ಲಿ ಪರೀಕ್ಷಾ ಹಂತವನ್ನೇ ಸೇರಿಸಿಲ್ಲವಲ್ಲ ಎಂದರು. 'ಅದನ್ನು ಆಮೇಲೆ ಮಾತಾಡೋಣ' ಎಂಬ ಉತ್ತರ ಬಂತು. ಆ 'ಆಮೇಲೆ' ಬರಲೇ ಇಲ್ಲ. ಗಡುವು ತಪ್ಪಿದಾಗ ಯಾರೂ ಅವರ ಮಾತನ್ನು ನೆನೆಯಲಿಲ್ಲ. ಆನಂತರ ಹದಿನಾಲ್ಕು ತಿಂಗಳು ಅವರು ಸಭೆಗಳಲ್ಲಿ ಕೂತರು, ತಲೆಯಾಡಿಸಿದರು, ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮ್ಯಾನೇಜರ್ ಅವರ ಮೌಲ್ಯಮಾಪನದಲ್ಲಿ 'ಸಹಕಾರ ಮನೋಭಾವ ಸುಧಾರಿಸಿದೆ' ಎಂದು ಬರೆದಿದ್ದರು! ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ಕಂಡುಕೊಂಡ ವಿವರಣೆ: ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಬಹುದಿತ್ತು. ಸದ್ದಿಲ್ಲದ ತಂಡ ಕಂಡರೆ ನನಗೆ ಈಗ ಅನುಮಾನವೇ ಮೊದಲು.

ಇತ್ತೀಚೆಗೆ ಈ ಪ್ರಶ್ನೆಯನ್ನು ಹೋಗುವವರಿಗಷ್ಟೇ ಉಳಿಸಿಕೊಳ್ಳದೆ, ಇರುವವರಿಗೂ ಆರು ತಿಂಗಳಿಗೊಮ್ಮೆ ಕೇಳುತ್ತಿದ್ದೇನೆ: "ಈ ಅವಧಿಯಲ್ಲಿ ಬಿಟ್ಟುಬಿಡೋಣ ಎನ್ನಿಸಿದ ದಿನವೇನಾದರೂ ಇತ್ತೇ?" ಮೊದಲ ಸಲ ಎಲ್ಲರೂ ಇಲ್ಲ ಎಂದರು. ಎರಡನೇ ಸಲ ಮೂವರು ಬಾಯಿಬಿಟ್ಟರು. ಅವರಲ್ಲಿ ಇಬ್ಬರು 10:52ರ ಮ್ಯಾನೇಜರರ ತಂಡದವರು. ಆ ಮ್ಯಾನೇಜರ್ ಈಗ ರಾತ್ರಿ ಸಂದೇಶ ಕಳಿಸುವುದಿಲ್ಲ. ರಾತ್ರಿಯೇ ಬರೆದು ಬೆಳಿಗ್ಗೆ ಹೋಗುವಂತೆ ಸಮಯ ನಿಗದಿ ಮಾಡುತ್ತಾರೆ. ಹಾಗಾಗಿ ಗಂಟೆ ಒಂಬತ್ತಾಗುತ್ತಿದ್ದಂತೆ ಹನ್ನೊಂದು ಸಂದೇಶಗಳು ಒಮ್ಮೆಲೇ ಬಂದು ಬೀಳುತ್ತವೆ. ಗುರುವಾರ ಅವರೊಡನೆ ಮತ್ತೆ ಕೂರಬೇಕಿದೆ.