ಒಗರಿನ ಲೆಕ್ಕ

ಭಾನುವಾರ ನಮ್ಮ ವೈನರಿಗೆ ಬರುವವರಲ್ಲಿ ಅರ್ಧ ಜನ ನಂದಿ ಬೆಟ್ಟ ನೋಡಿಕೊಂಡು, ಹೊಟ್ಟೆ ಹಸಿದು, ದಾರಿಯಲ್ಲಿ ಬೋರ್ಡು ಕಂಡಿತು ಅಂತ ಗಾಡಿ ತಿರುಗಿಸಿದವರು. ಮೊನ್ನೆ ಹಾಗೇ ಬಂದ ಒಬ್ಬರು ಕ್ಯಾಬರ್ನೆ ಅನ್ನುವ ರೆಡ್ ವೈನ್ ಒಂದು ಗುಟುಕು ಕುಡಿದು ಮುಖ ಹಿಂಡಿದರು. ಪಕ್ಕದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು: "ಬೇಜಾರು ಮಾಡ್ಕೋಬೇಡಿ ಮೇಡಂ, ಇದು ಕೆಟ್ಟೋಗಿದೆಯಾ?"

ಬೇಜಾರೇನಿಲ್ಲ. ವೈನ್ ಮಾಡುವ ಈ ಕೆಲಸಕ್ಕೆ ಬಂದಾಗಿನಿಂದ ಕೇಳುತ್ತಿರುವ ಪ್ರಶ್ನೆ. "ಏನನ್ನಿಸ್ತು ಸಾರ್?" ಅಂದೆ. "ಬಾಯೆಲ್ಲ ಹಿಡ್ಕೊಂಡಂಗಾಯ್ತು. ಕಾಯಿ ನೇರಳೆ ತಿಂದಂಗೆ." ಆ ಪೀಪಾಯಿ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡಿದ್ದೂ ಹೆಚ್ಚುಕಡಿಮೆ ಅದೇ: ನೇರಳೆ, ಸಿಪ್ಪೆಯ ಒಗರು, ಇನ್ನೊಂದು ವರ್ಷ ಬೇಕಿತ್ತು.

ವೈನಿನ ಭಾಷೆಯಲ್ಲಿ ಇದಕ್ಕೆ ಟ್ಯಾನಿನ್ ಅನ್ನುತ್ತಾರೆ. ಟ್ಯಾನಿನ್ ಅಂದರೇನು ಅಂತ ಹೊರದೇಶದ ಕ್ಲಾಸುಗಳಲ್ಲಿ ಬಹಳ ಹೊತ್ತು ಪಾಠ ಮಾಡುತ್ತಾರೆ. ನಮ್ಮವರಿಗೆ ಒಗರು ಅಂದರೆ ಮುಗಿಯಿತು. ನೆಲ್ಲಿಕಾಯಿಯ ಮೊದಲ ಕಡಿತ, ಹಸಿ ಬಾಳೆಕಾಯಿ, ಅಡಿಕೆ, ಎಲ್ಲರಿಗೂ ಗೊತ್ತು. ಸರಿಯಾಗಿ ನೋಡಿದರೆ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಬಾಯಿ ನುಣ್ಣಗೆ ಜಾರುವಂತೆ ಇರೋದು ಜೊಲ್ಲಿನಲ್ಲಿರುವ ಕೆಲವು ಪ್ರೋಟೀನ್‌ಗಳಿಂದ. ಟ್ಯಾನಿನ್ ಹೋಗಿ ಅವನ್ನು ಹಿಡಿದುಕೊಳ್ಳುತ್ತದೆ. ಜಾರುವುದು ನಿಂತು ನಾಲಿಗೆಯೂ ಒಸಡೂ ಒಂದಕ್ಕೊಂದು ಉಜ್ಜುತ್ತವೆ.

ಮುಖ ಹಿಂಡಿದವರದ್ದೂ ತಪ್ಪಿಲ್ಲ ಬಿಡಿ. ನಮ್ಮಲ್ಲಿ ಬಹಳ ಜನಕ್ಕೆ ವೈನ್ ಅಂದರೆ ಸಿಹಿ. ಕ್ರಿಸ್‌ಮಸ್ ಹೊತ್ತಿಗೆ ಪಕ್ಕದ ಮನೆಯಿಂದ ಬರುವ ಪುಟ್ಟ ಲೋಟದ್ದು, ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಹಾಕಿ ವಾರಗಟ್ಟಲೆ ಇಟ್ಟಿದ್ದು. ಇಲ್ಲಾಂದ್ರೆ ಅಂಗಡಿಯಲ್ಲಿ ಸಿಗುವ ಅಗ್ಗದ ಪೋರ್ಟ್. ಅದರ ಹಿಂದಿರುವ ಹಣ್ಣು ಸಾಮಾನ್ಯವಾಗಿ ಬೆಂಗಳೂರು ಬ್ಲೂ. ಅದರಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇದೆ. ದ್ರಾಕ್ಷಿ ಫ್ಲೇವರ್ ಅಂತ ಮಕ್ಕಳ ಚಾಕೊಲೇಟ್‌ನಲ್ಲಿ ಬರುವ ಘಮ ಇದೆಯಲ್ಲ, ಅದೇ ಘಮ. ಜ್ಯೂಸಿಗೆ ಅದರಷ್ಟು ಒಳ್ಳೆ ಹಣ್ಣು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಒಣ, ಅಂದರೆ ಸಿಹಿ ಉಳಿಯದ, ರೆಡ್ ವೈನಿಗೆ ಬೇಕಾದ ಒಗರು ಅದರ ಸಿಪ್ಪೆಯಲ್ಲಿ ಸಾಲದು. 1988ರಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ ಶುರು ಮಾಡಿದ ಮೇಲೆ ಈ ಸೀಮೆಯಲ್ಲಿ ಕ್ಯಾಬರ್ನೆ, ಶಿರಾಜ್ ಬೇರು ಬಿಟ್ಟವು. ಒಗರೂ ಜೊತೆಗೇ ಬಂತು.

ಆ ಬಳ್ಳಿಗಳು ಚಳಿ ದೇಶದವು. ಅಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ನಿದ್ದೆ ಹೋಗುತ್ತವೆ. ನಂದಿ ತಪ್ಪಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಬಳ್ಳಿ ನಿದ್ದೆ ಮಾಡುವಷ್ಟು ಚಳಿ ಎಲ್ಲಿ ಬರಬೇಕು? ಹಾಗಾಗಿ ಚಳಿಗಾಲದ ಕೆಲಸವನ್ನು ನಾವು ಕತ್ತರಿಯಿಂದ ಮಾಡುತ್ತೇವೆ, ಅದೂ ಎರಡು ಸಲ. ಏಪ್ರಿಲ್‌ನಲ್ಲಿ ಒಮ್ಮೆ ಗಿಡ್ಡಕ್ಕೆ ಸವರುತ್ತೇವೆ. ಆಗ ಬರುವ ಹೊಸ ಕಡ್ಡಿಗಳ ಕಣ್ಣುಗಳಲ್ಲೇ ಮುಂದಿನ ಗೊನೆ ಕಣ್ಣಿಗೆ ಕಾಣದಂತೆ ರೂಪ ತಳೆಯುತ್ತದೆ. ಮಳೆಗಾಲವೆಲ್ಲ ಬಳ್ಳಿ ಬರೀ ಎಲೆ ಹೊತ್ತು ನಿಂತಿರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎರಡನೇ ಸಲ ಸವರಿದರೆ ಆ ಕಣ್ಣುಗಳು ಒಡೆದು ಹೂ ಬಿಡುತ್ತವೆ, ಫೆಬ್ರವರಿ-ಮಾರ್ಚ್‌ಗೆ ಕೊಯ್ಲು. ವಿಜಯಪುರದ ಕಡೆ ಬೆಳೆಗಾರರು ಇದನ್ನು ಚಾಟ್ನಿ ಅನ್ನುತ್ತಾರೆ. ಎರಡು ಚಾಟ್ನಿ, ಒಂದೇ ಬೆಳೆ. ಬೆಂಗಳೂರು ಬ್ಲೂ ಆದರೆ ವರ್ಷಕ್ಕೆ ಎರಡು ಬೆಳೆ ಕೊಟ್ಟುಬಿಡುತ್ತದೆ. ಕ್ಯಾಬರ್ನೆಗೆ ಆ ಆಸೆ ಪಟ್ಟರೆ ಮಳೆಗಾಲದ ಹಣ್ಣು ಗೊನೆಯಲ್ಲೇ ಕೊಳೆಯುತ್ತದೆ.

ಮಳೆಗಾಲದ ಎಲೆಯನ್ನು ಕಾಪಾಡೋದು ಬೇರೆಯೇ ಕಥೆ. ನಾನು ಅಡಿಕೆ ತೋಟದ ಮನೆಯವಳು. ಮಳೆ ಶುರುವಾದರೆ ಅಜ್ಜ ಡ್ರಮ್ಮಿನ ಮುಂದೆ ಮೈಲುತುತ್ತ, ಸುಣ್ಣ ತೂಗಿಕೊಂಡು ಕೂರುತ್ತಿದ್ದರು. 100 ಲೀಟರ್ ನೀರಿಗೆ ಒಂದೊಂದು ಕೆಜಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ. ಆ ಬೋರ್ಡೋ ಫ್ರಾನ್ಸಿನ ವೈನ್ ಸೀಮೆಯ ಹೆಸರು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಅಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳಬಾರದು ಅಂತ ಎಲೆಗೆ ತುತ್ತ-ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಅನ್ನೋದನ್ನು ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಮದ್ದಿನ ವಿವರ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಗೆ ತಂದರು. ದ್ರಾಕ್ಷಿಯ ಮದ್ದು ಅಡಿಕೆ ಉಳಿಸಿತು, ಅಡಿಕೆ ಮನೆಯ ಹುಡುಗಿ ದ್ರಾಕ್ಷಿಗೆ ಬಂದಳು. ಅಜ್ಜನಿಗೆ ಇದು ಎಂದೂ ಸರಿ ಅನ್ನಿಸಲಿಲ್ಲ, ಅದು ಬೇರೆ ಮಾತು.

ಒಗರಿನ ನಿಜವಾದ ಲೆಕ್ಕ ಶುರುವಾಗೋದು ಕೊಯ್ಲಿಗೆ 2-3 ವಾರ ಮುಂಚೆ. ಬೆಳಿಗ್ಗೆ 6 ಗಂಟೆಗೆ ಸಾಲುಗಳ ನಡುವೆ ನಡೆಯುತ್ತಾ ಅಲ್ಲೊಂದು ಇಲ್ಲೊಂದು ಹಣ್ಣು ಕಿತ್ತು ಬಾಯಿಗೆ ಹಾಕುತ್ತೇವೆ. ವೈನ್ ದ್ರಾಕ್ಷಿ ಬಟಾಣಿಗಿಂತ ತುಸು ದಪ್ಪ ಅಷ್ಟೆ. ಒಳಗೆ ತಿರುಳು ಕಡಿಮೆ, ಸಿಪ್ಪೆ ಮಂದ, ಬೀಜ ಜಾಸ್ತಿ. ಮೊದಲು ರಸ ಹೀರಬೇಕು. ಆಮೇಲೆ ಸಿಪ್ಪೆ ಅಗಿಯಬೇಕು. ಕೊನೆಗೆ ಬೀಜವನ್ನು ಅಂಗೈಗೆ ಉಗುಳಿ ಬಣ್ಣ ನೋಡಬೇಕು. ಹಸಿರಿದ್ದರೆ ಕಚ್ಚಿ ನೋಡೋದೇ ಬೇಡ, ನಾಲಿಗೆ ಮರದ ತುಂಡಾಗುತ್ತದೆ. ಪೂರ್ತಿ ಕಂದು ತಿರುಗಿ, ಕಚ್ಚಿದರೆ ಹುರಿದ ಕಾಳಿನ ಹಾಗೆ ಕಟುಂ ಅಂದರೆ ಬೀಜ ಬಲಿತಿದೆ ಅಂತ ಅರ್ಥ.

ತೊಂದರೆ ಏನಪ್ಪಾ ಅಂದರೆ, ನಮ್ಮ ಬಿಸಿಲಿಗೆ ಸಕ್ಕರೆ ಮುಂದೆ ಓಡುತ್ತದೆ, ಬೀಜ ಹಿಂದೆ ಉಳಿಯುತ್ತದೆ. ಕಾಯಬೇಕು ಅಂದರೆ ಅಷ್ಟರಲ್ಲಿ ಹುಳಿ ಇಳಿದುಹೋಗುತ್ತದೆ. ಫೆಬ್ರವರಿ ರಾತ್ರಿಯ ತಂಪು ಒಂಚೂರು ಕಾಪಾಡುತ್ತದೆ, ಮಾರ್ಚ್ ನಡುವಿಗೆ ಅದೂ ಇಲ್ಲ. ಜೇಬಿನಲ್ಲಿರುವ ಸಕ್ಕರೆ ನೋಡುವ ಮೀಟರ್ 24 ಬ್ರಿಕ್ಸ್, ಅಂದರೆ ರಸದಲ್ಲಿ ನೂರಕ್ಕೆ ಸುಮಾರು 24 ಪಾಲು ಸಕ್ಕರೆ, ತೋರಿಸಿದರೆ ವೈನಿನಲ್ಲಿ ಹೆಚ್ಚುಕಡಿಮೆ 13.5% ಆಲ್ಕೋಹಾಲ್ ಬರುತ್ತದೆ ಅಂತ ಲೆಕ್ಕ. ಅದಕ್ಕಿಂತ ಮೇಲೆ ಹೋದರೆ ಕುಡಿದವರ ಗಂಟಲು ಉರಿಯುತ್ತದೆ.

ನನ್ನ ಮೂರನೇ ಕೊಯ್ಲಿನ ವರ್ಷ ನಾನು ಮೀಟರ್ ಮಾತು ಕೇಳಿದೆ. 24 ಬಂದಿತ್ತು, ಅಕಾಲ ಮಳೆಯ ಸುದ್ದಿಯೂ ಇತ್ತು. ಕೊಯ್ಲಿನ ಹೆಣ್ಣಾಳುಗಳ ಪೈಕಿ ಹಿರಿಯಕ್ಕ ಒಬ್ಬರು ಬೀಜ ಉಗುಳಿ ತೋರಿಸಿದರು. "ಇನ್ನ ಹಸಿರು ಅವೆ ಮೇಡಂ. ಇನ್ನೊಂದ್ ವಾರ ಬಿಡಿ." "ಮಳೆ ಬಂದ್ರೆ ಏನ್ ಮಾಡ್ಲಿ ಅಕ್ಕ?" ಅಂದೆ. "ಬಂದಾಗ ನೋಡಣ," ಅಂದರು. ನಾನು ಮಾರನೇ ದಿನವೇ ಕೊಯ್ಸಿಬಿಟ್ಟೆ. ಮಳೆ ಬರಲಿಲ್ಲ.

ಮಾಡಿದ್ದು ಒಂದು ತಪ್ಪಲ್ಲ, ಎರಡು. ಎರಡನೆಯದು ತೊಟ್ಟಿಯಲ್ಲಿ. ಕೆಂಪು ದ್ರಾಕ್ಷಿಯ ರಸಕ್ಕೆ ಬಣ್ಣ ಇರೋದಿಲ್ಲ, ಹಿಂಡಿದರೆ ನಿಂಬೆ ಪಾನಕದ ಹಾಗೆ ಬರುತ್ತದೆ. ಬಣ್ಣ, ಒಗರು ಎರಡೂ ಸಿಪ್ಪೆಯಿಂದ ಇಳಿಯಬೇಕು. ಮಲೆನಾಡಿನವರಿಗೆ ಅಡಿಕೆ ಬೇಯಿಸುವ ಹಂಡೆ ಗೊತ್ತು. ಬೆಂದಷ್ಟೂ ನೀರು ಕೆಂಪಾಗಿ, ಮಂದವಾಗಿ ಚೊಗರು ಆಗುತ್ತದೆ. ನಮ್ಮ ತೊಟ್ಟಿಯಲ್ಲಿ ಆಗೋದೂ ಅದೇ, ಬೆಂಕಿ ಮಾತ್ರ ಇಲ್ಲ. ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತಾ ತಾನೇ ಬಿಸಿ ಹುಟ್ಟಿಸುತ್ತದೆ. ರೆಡ್ ವೈನಿಗೆ ಅದನ್ನು 25ರಿಂದ 28 ಡಿಗ್ರಿ ಆಸುಪಾಸಿನಲ್ಲಿ ಹಿಡಿದಿಡುತ್ತೇವೆ. ಗ್ಯಾಸ್ ಎದ್ದು ಸಿಪ್ಪೆಯೆಲ್ಲ ಮೇಲೆ ಬಂದು ರೊಟ್ಟಿಯ ಹಾಗೆ ಕಟ್ಟುತ್ತದೆ. ಅದು ಒಣಗಬಾರದು. ದಿನಕ್ಕೆ 2-3 ಸಲ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಅದರ ಮೇಲೆ ಸುರಿಯುತ್ತೇವೆ. ಮೊದಲ ದಿನಗಳಲ್ಲಿ ಬಣ್ಣ ಬೇಗ ಇಳಿಯುತ್ತದೆ. ಆಲ್ಕೋಹಾಲ್ ಏರಿದ ಮೇಲೆ ಬೀಜದ ಒಗರೂ ಇಳಿಯೋಕೆ ಶುರು. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ನಾಲಿಗೆಯೇ ಹೇಳಬೇಕು. ಆ ವರ್ಷ ಬಣ್ಣ ಇನ್ನಷ್ಟು ಗಾಢವಾಗಲಿ ಅಂತ ಹಸಿರು ಬೀಜಗಳ ಮೇಲೆ ನಾಲ್ಕು ದಿನ ಜಾಸ್ತಿ ಬಿಟ್ಟೆ. ಬಣ್ಣವೇನೋ ಬಂತು, ಗಾಜಿನ ಆಚೆ ಬೆರಳು ಕಾಣದಷ್ಟು. ಕುಡಿದರೆ ಚೊಗರೇ.

ಅದನ್ನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಒಂದೂವರೆ ವರ್ಷ ಇಟ್ಟೆವು. ಮರದ ಸಂದಿನಿಂದ ಸ್ವಲ್ಪಸ್ವಲ್ಪವೇ ಗಾಳಿಯಾಡಿ, ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣಕ್ಕೆ ಸೇರಿಕೊಂಡು ಮೆತ್ತಗಾಗುತ್ತವೆ. ಹಸಿ ಬೀಜದ ಒಗರಿಗೆ ಅದೂ ಸಾಲಲಿಲ್ಲ. ಆಮೇಲೆ ಬೋರ್ಡೋದವರ ಹಳೇ ಉಪಾಯ ಮಾಡಿದೆ. ಪೀಪಾಯಿಗೆ ಐದು ಮೊಟ್ಟೆಯಂತೆ ಬಿಳಿ ಭಾಗ ಬೇರೆ ಮಾಡಿ, ಚಿಟಿಕೆ ಉಪ್ಪು ಹಾಕಿ ಮೆಲ್ಲಗೆ ಕದಡಿ ಬಿಡೋದು. ಮೊಟ್ಟೆಯ ಪ್ರೋಟೀನ್ ಒಗರನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ, ತಿಳಿ ತೆಗೆದುಕೊಳ್ಳಬೇಕು. ಆ ವಾರ ಕೆಲಸದವರಿಗೆಲ್ಲ ಬರೀ ಹಳದಿ ಭಾಗದ ಆಮ್ಲೆಟ್. ವೈನ್ ಸುಧಾರಿಸಿತು, ಆದರೂ ತನ್ನ ಹೆಸರಿನಲ್ಲಿ ಬಾಟಲಿಗೆ ಇಳಿಯುವಷ್ಟಲ್ಲ. ಬೇರೆ ವೈನಿಗೆ ಬೆರೆಸಿ ಮುಗಿಸಿದೆ.

ಮೊಟ್ಟೆ ಕೇಳಿ ಆಶ್ಚರ್ಯ ಪಡಬೇಕಿಲ್ಲ. ದಿನಾ ನಾವು ಮಾಡೋದೂ ಇದೇ ಅಲ್ವಾ? ಟೀ ಡಿಕಾಕ್ಷನ್ನಿಗೆ ಹಾಲು ಬಿದ್ದ ಕೂಡಲೇ ಒಗರು ಇಳಿಯುತ್ತದೆ, ಹಾಲಿನ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿಗೆ ಬಂದವರಿಗೆ ನಾನು ಒಂದು ಮನೆಪಾಠ ಹೇಳುತ್ತೇನೆ. ಸಕ್ಕರೆ, ಹಾಲು ಇಲ್ಲದ ಕಡು ಟೀ ಮಾಡಿ ಆರಲು ಬಿಡಿ. ಮೊದಲು ಹಾಗೇ ಒಂದು ಗುಟುಕು. ಆಮೇಲೆ ಉಪ್ಪು ಹಾಕಿ ಹುರಿದ ಪನೀರ್ ತುಂಡು ತಿಂದು ಒಂದು ಗುಟುಕು, ಒಗರು ಎಲ್ಲಿ ಹೋಯಿತು ಅನ್ನಿಸುತ್ತದೆ. ಕೊನೆಗೆ ಮೈಸೂರು ಪಾಕ್ ತಿಂದು ಇನ್ನೊಂದು. ಈ ಮೂರನೆಯದೇ ಎಲ್ಲಕ್ಕಿಂತ ಕಹಿ. ಒಣ ರೆಡ್ ವೈನನ್ನು ಸಿಹಿತಿಂಡಿ ಜೊತೆ ಯಾಕೆ ಕುಡಿಯಬಾರದು ಅಂತ ನಾನು ಬೇರೆ ಹೇಳಬೇಕಿಲ್ಲ.

ಖಾರದ ವಿಷಯ ಇನ್ನೂ ಗಂಭೀರ. ಹಸಿಮೆಣಸಿನಕಾಯಿ ಖಾರ ಬಾಯಲ್ಲಿರುವಾಗ ಒಗರೂ ಆಲ್ಕೋಹಾಲೂ ಸೇರಿದರೆ ಉರಿ ದುಪ್ಪಟ್ಟು. ನಾಟಿಕೋಳಿ ಸಾರಿಗೆ ಕ್ಯಾಬರ್ನೆ ಜೋಡಿ ಅಂತ ಮೆನುವಿನಲ್ಲಿ ಬರೆಯುವವರು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಿರಲಾರರು. ಅದಕ್ಕೆ ತಣ್ಣಗಿನ, ಕೊಂಚ ಸಿಹಿ ಉಳಿದ ಶೆನಿನ್ ಬ್ಲಾಂ ಎಂಬ ವೈಟ್ ವೈನ್ ವಾಸಿ. ಕ್ಯಾಬರ್ನೆಗೆ ಕೊಬ್ಬಿರುವ ಮಟನ್ ಚಾಪ್ಸ್ ಬೇಕು, ಖಾರ ಕಾಳುಮೆಣಸಿನದ್ದಾಗಿರಲಿ. ಶಿರಾಜ್ ಆದರೆ ಇನ್ನೂ ಚೆನ್ನ, ಯಾಕೆಂದರೆ ಕೆಲವು ಶಿರಾಜ್‌ಗಳಲ್ಲಿ ಬರುವ ಮೆಣಸಿನ ಘಮ ಹೋಲಿಕೆಯ ಮಾತಲ್ಲ. ಕಾಳುಮೆಣಸಿನಲ್ಲಿರುವ ರೊಟಂಡೋನ್ ಎಂಬ ವಸ್ತುವೇ ದ್ರಾಕ್ಷಿ ಸಿಪ್ಪೆಯಲ್ಲೂ ಇದೆ, ಆಸ್ಟ್ರೇಲಿಯದವರು 2008ರಲ್ಲಿ ಪತ್ತೆ ಮಾಡಿದರು. ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗೋದಿಲ್ಲ. ಹಾಗಾಗಿ ಗಂಡನಿಗೆ ಮೆಣಸು ಸಿಕ್ಕಿ ಹೆಂಡತಿಗೆ ಸಿಗದಿದ್ದರೆ ಜಗಳ ಬೇಡ, ಇಬ್ಬರೂ ಸರಿ.

ಲೇಬಲ್ ಹಿಂದೆ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅಂತೆಲ್ಲ ಬರೆದಿರುತ್ತದೆ. ನಾನೂ ಬರೆದಿದ್ದೇನೆ, ಮಾರಾಟದವರು ಬಿಡೋದಿಲ್ಲ. ಬ್ಲ್ಯಾಕ್‌ಕರಂಟ್ ಗಿಡವನ್ನು ಕಣ್ಣಾರೆ ನೋಡುವ ಎಷ್ಟೋ ವರ್ಷ ಮೊದಲೇ ಬರೆದೆ ಅನ್ನೋದು ನಾಚಿಕೆಯ ವಿಷಯ. ಸೊವಿನ್ಯೋನ್ ಬ್ಲಾಂ ಎಂಬ ವೈಟ್ ವೈನ್ ಮೂಸಿದಾಗ ಸೀಬೆಹಣ್ಣು ನೆನಪಾದರೆ ಸೀಬೆ ಅಂತಲೇ ಹೇಳಿ. ನೇರಳೆ ಅಂದ ಆ ಯಜಮಾನರಂತೆ.

ಮನೆಗೆ ಒಯ್ಯುವವರಿಗೆ ಎರಡು ಮಾತು. ರೆಡ್ ವೈನನ್ನು ರೂಮಿನ ಬಿಸಿಗೆ ಕುಡಿಯಬೇಕು ಅನ್ನುವ ಮಾತು ಹೀಟರ್ ಇಲ್ಲದ ಕಾಲದ ಯುರೋಪಿನ ಮನೆಗಳದ್ದು, ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಹಾಲ್ 30 ಮುಟ್ಟಿರುತ್ತದೆ, ಆ ಬಿಸಿಯಲ್ಲಿ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟು ತೆಗೆಯಿರಿ. ರಾತ್ರಿಯಿಡೀ ಇಟ್ಟು ಐಸ್‌ನಂತೆ ಮಾಡಿದರೆ ಒಗರು ಎದ್ದು ನಿಲ್ಲುತ್ತದೆ, ಮತ್ತೆ ಕೆಟ್ಟೋಗಿದೆಯಾ ಅಂತ ಕೇಳುತ್ತೀರಿ. ಉಳಿದರೆ ಬಿರಡೆ ಹಾಕಿ ಫ್ರಿಡ್ಜಿನಲ್ಲೇ ಇಡಿ, ಮೂರು ದಿನ ತಡೆಯುತ್ತದೆ. ನಾಲ್ಕನೇ ದಿನ ಅದನ್ನು ಮಟನ್‌ಗೆ ಸುರಿದು ಅರ್ಧ ದಿನ ನೆನೆಸಿ.