ಬೈದವರ ಮೈಕ್, ಬೈಸಿಕೊಂಡವರ ಮೈಕ್

ನಮ್ಮ ಸಮುದಾಯ ರೇಡಿಯೊದಲ್ಲಿ ನೇರ ಫೋನ್-ಇನ್ ನಡೆಯುವಾಗ ನನ್ನ ಎಡಗೈ ಫೇಡರ್ (ದನಿ ಏರಿಸಿ ಇಳಿಸುವ ಗುಂಡಿ) ಮೇಲೇ ಇರುತ್ತದೆ. ಕರೆ ಮಾಡಿದವರು ಯಾರದಾದರೂ ಹೆಸರು ಹಿಡಿದು ಬೈಯಲು ಶುರು ಮಾಡಿದರೆ ಅದನ್ನು ಕೆಳಗೆಳೆದು ಹಾಡು ಹಾಕಬೇಕು. ಒಂದು ಸಲ ತಡವಾಯಿತು. ಜಾತ್ರೆ ಲೆಕ್ಕದ ಬಗ್ಗೆ ಒಬ್ಬರು ಆಡಿದ ಮಾತು ಹೊರಗೆ ಹೋಗಿಯೇ ಬಿಟ್ಟಿತು. ಮರುದಿನ ಬೆಳಗ್ಗೆ ಬೈಸಿಕೊಂಡವರು ಬಾಗಿಲಲ್ಲಿ ನಿಂತಿದ್ದರು. "ಸರ್, ನನಗೂ ಐದು ನಿಮಿಷ ಕೊಡಿ" ಅಂದರು. ಕೊಟ್ಟೆ.

ಅಮೆರಿಕದಲ್ಲಿ ಈ ಐದು ನಿಮಿಷದ ಮೇಲೆ ದಶಕಗಳ ಕಾಲ ರಾಜಕೀಯ ನಡೆದಿದೆ. ಅಲ್ಲಿನ ಪ್ರಸಾರ ನಿಯಂತ್ರಕ ಎಫ್‌ಸಿಸಿ 1949ರಲ್ಲಿ 'ಫೇರ್‌ನೆಸ್ ಡಾಕ್ಟ್ರಿನ್' ತಂದಿತು. ಜನರಿಗೆ ಮುಖ್ಯವಾದ ವಿವಾದಗಳನ್ನು ಎತ್ತಿಕೊಳ್ಳಿ, ಎತ್ತಿಕೊಂಡ ಮೇಲೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಿ, ಅಷ್ಟೇ. ಗಡಿಯಾರ ನೋಡಿ ಸಮಸಮ ಹಂಚಿ ಅಂತಲ್ಲ. ಸಮಸಮ ಸಮಯ ಅನ್ನುವುದು ಚುನಾವಣೆಯ ಅಭ್ಯರ್ಥಿಗಳಿಗಿರುವ ಬೇರೆ ನಿಯಮ, ಈಗಲೂ ಇದೆ. ಎರಡನ್ನೂ ಕಲಸಿ ಮಾತಾಡುವವರೇ ಜಾಸ್ತಿ.

1964ರಲ್ಲಿ ಪೆನ್ಸಿಲ್ವೇನಿಯಾದ ರೆಡ್ ಲಯನ್ ಎಂಬ ಸಣ್ಣ ಊರಿನ ಕೇಂದ್ರದಿಂದ ಬಿಲ್ಲಿ ಜೇಮ್ಸ್ ಹಾರ್ಗಿಸ್ ಎಂಬ ಪಾದ್ರಿ 15 ನಿಮಿಷದ ಕಾರ್ಯಕ್ರಮದಲ್ಲಿ ಫ್ರೆಡ್ ಕುಕ್ ಎಂಬ ಪತ್ರಕರ್ತನನ್ನು ಝಾಡಿಸಿದರು. ಕುಕ್ ಉತ್ತರ ಕೊಡಲು ಪುಕ್ಕಟೆ ಸಮಯ ಕೇಳಿದರು, ಕೇಂದ್ರ ಒಪ್ಪಲಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಕುಕ್ ಕಡೆ ನಿಂತಿತು. ತರಂಗಗಳು ಕಡಿಮೆ, ಕೇಳುಗರ ಹಕ್ಕು ದೊಡ್ಡದು ಅನ್ನುವುದು ಅದರ ವಾದ.

ಅದೇ ರಾಜ್ಯದ ಇನ್ನೊಂದು ಊರು ಮೀಡಿಯಾ (ಊರಿನ ಹೆಸರೇ ಅದು!). ಅಲ್ಲಿ ಪಾದ್ರಿ ಕಾರ್ಲ್ ಮ್ಯಾಕಿಂಟೈರ್ ಕಡೆಯವರ ಡಬ್ಲ್ಯುಎಕ್ಸ್‌ಯುಆರ್ ಕೇಂದ್ರ ಈ ನೀತಿ ಪಾಲಿಸಲಿಲ್ಲವೆಂದು ಅದರ ಲೈಸೆನ್ಸನ್ನು 1970ರಲ್ಲಿ ಎಫ್‌ಸಿಸಿ ನವೀಕರಿಸಲಿಲ್ಲ. 1973ರಲ್ಲಿ ಕೇಂದ್ರ ಮುಚ್ಚಿತು. ಸಿಟ್ಟಾದ ಮ್ಯಾಕಿಂಟೈರ್ ಹಡಗಿನಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ನ್ಯೂಜೆರ್ಸಿ ಕರಾವಳಿಯಾಚೆ ಸಮುದ್ರದಿಂದಲೇ ಪ್ರಸಾರಕ್ಕಿಳಿದರು, ಅದೂ ಬೇಗ ನಿಂತಿತು. ಆ ಮನುಷ್ಯನ ಮಾತು ನನಗೆ ಒಂಚೂರೂ ಹಿಡಿಸದು. ಆದರೂ ಲೈಸೆನ್ಸ್ ನವೀಕರಣದ ಕಾಗದ ಹಿಡಿದು ಓಡಾಡಿದವನಿಗೆ ಆ ಭಯ ಅರ್ಥವಾಗುತ್ತದೆ. ಆಗ ಅಲ್ಲಿ ಮೂರು ವರ್ಷಕ್ಕೊಮ್ಮೆ ನವೀಕರಣ. ಸಣ್ಣ ಕೇಂದ್ರ ದೂರಿನ ವಿಚಾರಣೆಗೆ ವಕೀಲರನ್ನಿಟ್ಟರೆ ವರ್ಷದ ಗಳಿಕೆಯೇ ಹೋಗುತ್ತದೆ. ವಿವಾದದ ತಂಟೆಯೇ ಬೇಡ, ಹಾಡು ಹಾಕೋಣ ಅನಿಸುವುದು ಸಹಜ ಅಲ್ವಾ?

ಭಯ ಹಬ್ಬಿದ ರೀತಿಯೂ ತಮಾಷೆಯಾಗಿದೆ. ವಾಣಿಜ್ಯೇತರ ಪ್ರಸಾರಕ್ಕೆ ಮೀಸಲಾದ ತರಂಗಗಳನ್ನು ಧಾರ್ಮಿಕ ಸಂಸ್ಥೆಗಳಿಗೆ ಸದ್ಯಕ್ಕೆ ಕೊಡಬೇಡಿ ಅಂತ 1974ರ ಕೊನೆಯಲ್ಲಿ ಇಬ್ಬರು ಅರ್ಜಿ ಹಾಕಿದರು. ಎಫ್‌ಸಿಸಿ 1975ರಲ್ಲಿ ತಳ್ಳಿಹಾಕಿತು, ಕಥೆ ಮುಗಿಯಬೇಕಿತ್ತು. ಆದರೆ ನಾಸ್ತಿಕವಾದಿ ಮ್ಯಾಡಲಿನ್ ಮರೆ ಒಹೇರ್ ಧಾರ್ಮಿಕ ಪ್ರಸಾರವನ್ನೇ ನಿಲ್ಲಿಸುತ್ತಾರೆ ಅನ್ನೋ ಗಾಳಿಸುದ್ದಿ ಚರ್ಚಿನಿಂದ ಚರ್ಚಿಗೆ ಹರಿಯಿತು. ಆಕೆಗೂ ಆ ಅರ್ಜಿಗೂ ಸಂಬಂಧವೇ ಇರಲಿಲ್ಲ. ಲಕ್ಷಗಟ್ಟಲೆ ಪ್ರತಿಭಟನೆ ಪತ್ರಗಳು ದಶಕಗಳ ಕಾಲ ಬರುತ್ತಲೇ ಇದ್ದವು. ವಾಟ್ಸಾಪ್ ಇಲ್ಲದ ಕಾಲದ ಫಾರ್ವರ್ಡ್!

1987ರಲ್ಲಿ ಎಫ್‌ಸಿಸಿ ಈ ನೀತಿಯನ್ನು ಕೈಬಿಟ್ಟಿತು. ಮುಂದಿನ ವರ್ಷವೇ ಬಲಪಂಥೀಯ ನಿರೂಪಕ ರಶ್ ಲಿಂಬಾ ಅವರ ಟಾಕ್ ಶೋ ದೇಶಾದ್ಯಂತ ಶುರುವಾಯಿತು. ನಿಯಮ ಹೋಗಿದ್ದಕ್ಕೇ ಹೀಗಾಯಿತು ಅನ್ನುವುದು ಅರ್ಧ ಸತ್ಯ. ಹಾಡುಗಳು ಅಷ್ಟರಲ್ಲಿ ಎಫ್‌ಎಂಗೆ ಹೋಗಿದ್ದವು, ಖಾಲಿಯಾದ ಹಳೇ ಬಗೆಯ ಎಎಂ ಕೇಂದ್ರಗಳಿಗೆ ಮಾತೇ ಅಗ್ಗದ ಸರಕು. 2007ರ ಒಂದು ವರದಿ, ತಾನು ನೋಡಿದ 257 ಕೇಂದ್ರಗಳಲ್ಲಿ ವಾರದ ದಿನಗಳ ರಾಜಕೀಯ ಟಾಕ್ ಶೋಗಳಲ್ಲಿ 91% ಬಲಪಂಥೀಯ ಅಂದಿತು. ಹಳೇ ನಿಯಮ ವಾಪಸ್ ತರಬೇಕು ಅಂತ ಕೆಲವು ಡೆಮಾಕ್ರಟರು ಮಾತಾಡಿದ್ದೇ ತಡ, ಬಲಪಂಥೀಯ ನಿರೂಪಕರೂ ಧಾರ್ಮಿಕ ಪ್ರಸಾರಕರೂ ಒಟ್ಟಾಗಿ ಎದ್ದರು. 2009ರಲ್ಲಿ ಸೆನೆಟ್ ಅದು ಬೇಡವೆಂದು 87–11ರಿಂದ ಮತ ಹಾಕಿತು. ಒಬಾಮ ಕೂಡ ಬೇಡ ಅಂದಿದ್ದರು. ಸರ್ಕಾರವೇ ತರಲು ಹೊರಡದ ನಿಯಮದ ಮೇಲೆ ಇಷ್ಟು ಕೂಗಾಟ.

ನಮ್ಮಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ. ತರಂಗಗಳು ಸಾರ್ವಜನಿಕ ಸ್ವತ್ತು ಅಂತ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೂ ಖಾಸಗಿ ಎಫ್‌ಎಂ, ಸಮುದಾಯ ರೇಡಿಯೊ ಎರಡೂ ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಹಾಕಬಹುದು, ಸ್ವಂತ ಸುದ್ದಿ ಹೇಳುವಂತಿಲ್ಲ. ನಾವು ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳು ಕಾಪಿಡಬೇಕು. ಜಾತ್ರೆ ಲೆಕ್ಕದ ಆ ಎರಡು ಮಾತುಗಳೂ ಒಂದೇ ಫೋಲ್ಡರಿನಲ್ಲಿದ್ದವು. ಅವಧಿ ಮುಗಿದ ದಿನ ಎರಡನ್ನೂ ಅಳಿಸಿದೆ.