ಕಾರ್ಡ್ ತೆಗೆದರೆ ಕತ್ತಲೆ: ಹೋಟೆಲ್ ರೂಮಿನ ವಿದ್ಯುತ್ ಉಳಿತಾಯ ಎಲ್ಲಿ ಹಳಿ ತಪ್ಪುತ್ತಿದೆ?

ಹೋಟೆಲುಗಳ ಎನರ್ಜಿ ಆಡಿಟ್‌ಗೆ ಹೋದಾಗ ನಾನು ಮೊದಲು ನೋಡುವುದು ರೂಮಿನ ಬಾಗಿಲ ಪಕ್ಕದ ಕಾರ್ಡ್ ಸ್ವಿಚ್ಚನ್ನು. ಕೀ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟ್ ಕೊಡುವ ಆ ಪುಟ್ಟ ಡಬ್ಬಿಯಲ್ಲಿ ನಿಜಕ್ಕೂ ಏನಿದೆ ಎಂದು ನೋಡಿದರೆ ಆ ಹೋಟೆಲಿನ ಅರ್ಧ ಲೆಕ್ಕ ಸಿಕ್ಕಿಬಿಡುತ್ತದೆ. ಯಾರದೋ ವಿಸಿಟಿಂಗ್ ಕಾರ್ಡ್, ಅವಧಿ ಮುಗಿದ ಎಟಿಎಂ ಕಾರ್ಡ್, ಮಾತ್ರೆ ಡಬ್ಬದ ರಟ್ಟನ್ನು ಮಡಚಿ ಮಾಡಿದ ತುಂಡು, ಎಲ್ಲವೂ ಅಲ್ಲಿ ಸಿಗುತ್ತವೆ. ಅತಿಥಿ ಊರು ಸುತ್ತಲು ಹೋಗಿರುತ್ತಾರೆ. ಒಳಗೆ ಎಸಿ 18 ಡಿಗ್ರಿಯಲ್ಲಿ ಓಡುತ್ತಿರುತ್ತದೆ, ಟಿವಿ ಕೂಡ ನಡೆಯುತ್ತಿರುತ್ತದೆ. ಉಳಿತಾಯಕ್ಕೆಂದು ಹಾಕಿದ ಸಾಧನ ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ.

ಮಾಲೀಕರು ಇದಕ್ಕೆ ಅತಿಥಿಗಳನ್ನು ಬೈಯುತ್ತಾರೆ. 'ನಮ್ಮ ಜನಕ್ಕೆ ಶಿಸ್ತಿಲ್ಲ ಸಾರ್' ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ರಟ್ಟು ಸಿಕ್ಕಿಸಿ ಹೋಗುವ ಅತಿಥಿಗೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹೆಚ್ಚಿನ ಸಲ ಫೋನ್ ಚಾರ್ಜ್ ಆಗುತ್ತಿರಬೇಕು, ಅಷ್ಟೇ. ದಿನವೆಲ್ಲ ದಾರಿ ತೋರಿಸಿ, ಫೋಟೊ ತೆಗೆದು ಸುಸ್ತಾದ ಫೋನನ್ನು ಊಟಕ್ಕೆ ಹೋಗುವ ಮುಕ್ಕಾಲು ಗಂಟೆಯಲ್ಲಿ ಚಾರ್ಜಿಗೆ ಇಟ್ಟು ಹೋಗೋಣ ಎಂದರೆ, ಕಾರ್ಡ್ ತೆಗೆದ ಕೂಡಲೇ ಸಾಕೆಟ್ಟುಗಳೂ ಸತ್ತುಹೋಗುತ್ತವೆ. ಇನ್ನು ಒಂದು ರೂಮಿಗೆ ಒಂದೇ ಕಾರ್ಡ್ ಕೊಡುವ ಪದ್ಧತಿ. ದಸರಾ ಸಮಯದಲ್ಲಿ ಮೈಸೂರಿಗೆ ಬಂದ ಕುಟುಂಬವನ್ನು ನೆನೆಸಿಕೊಳ್ಳಿ. ಮಂಡಿನೋವಿನ ಅಜ್ಜ ಅಜ್ಜಿ ರೂಮಿನಲ್ಲೇ ಉಳಿಯುತ್ತಾರೆ, ಮಗ ಸೊಸೆ ಮಕ್ಕಳು ಅರಮನೆಯ ದೀಪಾಲಂಕಾರ ನೋಡಲು ಹೊರಡುತ್ತಾರೆ. 'ಅಪ್ಪಾಜಿ, ಒಂಬತ್ತರೊಳಗೆ ಬಂದುಬಿಡ್ತೀವಿ' ಎಂದು ಮಗ ಅಭ್ಯಾಸಬಲದಿಂದ ಕಾರ್ಡ್ ಎತ್ತಿಕೊಳ್ಳುತ್ತಾನೆ. ಅವನು ಲಿಫ್ಟ್ ಹತ್ತಿರ ಹೋಗುವಷ್ಟರಲ್ಲಿ ರೂಂ ಕತ್ತಲು. ಇಂಟರ್‌ಕಾಮ್ ಎಲ್ಲಿದೆ ಎಂದು ಎಪ್ಪತ್ತೈದು ದಾಟಿದವರು ತಡಕಾಡಬೇಕು. ಇಂಥ ಕತ್ತಲಲ್ಲಿ ಬಿದ್ದು ಸೊಂಟ ಮುರಿದರೆ ಯಾವ ಕರೆಂಟ್ ಬಿಲ್ಲಿನ ಉಳಿತಾಯವೂ ಅದಕ್ಕೆ ಸಾಟಿಯಲ್ಲ.

ಈ ಸ್ವಿಚ್ಚಿನ ಕೆಲಸ ಬಹಳ ಸರಳ. ಅಗ್ಗದ್ದಾದರೆ ಒಳಗೊಂದು ಸಣ್ಣ ಒತ್ತುಗುಂಡಿ. ಯಾವ ತುಂಡು ತೂರಿಸಿದರೂ ಅದು ಒತ್ತಿಕೊಳ್ಳುತ್ತದೆ. ಸ್ವಲ್ಪ ದುಬಾರಿಯದು ಕಾರ್ಡಿನೊಳಗಿನ ಚಿಪ್ಪನ್ನು ಓದುತ್ತದೆ. ಎರಡರ ಹಿಂದೆಯೂ ಡಿಬಿ ಬಾಕ್ಸಿನಲ್ಲಿ, ಅಂದರೆ ರೂಮಿನ ವೈರುಗಳೆಲ್ಲ ಕೂಡುವ ಪೆಟ್ಟಿಗೆಯಲ್ಲಿ, ಕಾಂಟ್ಯಾಕ್ಟರ್ ಎಂಬ ತಾನಾಗಿ ಓಡುವ ಸ್ವಿಚ್ ಇರುತ್ತದೆ. ಕಾರ್ಡ್ ತೆಗೆದ ಕೆಲವು ಸೆಕೆಂಡಿನ ಬಳಿಕ ಅದು 'ಟಕ್' ಎಂದು ಬಿಟ್ಟುಕೊಂಡು ರೂಮಿನ ಲೈನನ್ನೇ ಕಡಿಯುತ್ತದೆ. ಒಂದು ರೂಮಿನಲ್ಲಿ 60 ವ್ಯಾಟಿನ ಹತ್ತು ಬಲ್ಬುಗಳಿದ್ದ ಕಾಲಕ್ಕೆ ಇದು ಒಳ್ಳೆಯ ಯೋಚನೆಯೇ. ಆಗ ದೀಪವೊಂದೇ 600 ವ್ಯಾಟ್ ತಿನ್ನುತ್ತಿತ್ತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂದು ಎಲ್‌ಇಡಿ ಅಗ್ಗವಾದ ಮೇಲೆ ಅದೇ ಹತ್ತು ದೀಪಗಳಿಗೆ 90 ವ್ಯಾಟ್ ಸಾಕು. ಎಲ್ಲವನ್ನೂ ಹತ್ತು ಗಂಟೆ ಉರಿಸಿದರೂ ಒಂದು ಯುನಿಟ್ ತುಂಬುವುದಿಲ್ಲ. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡಿದರೆ ಗಂಟೆಗೇ ಒಂದೂವರೆ ಯುನಿಟ್ ಹತ್ತಿರ ಬರುತ್ತದೆ. ಅಂದರೆ ಕಾರ್ಡ್ ಹಿಡಿಯಬೇಕಾದದ್ದು ಎಸಿಯನ್ನು. ಫೋನ್ ಚಾರ್ಜರನ್ನಂತೂ ಖಂಡಿತ ಅಲ್ಲ. ಒಂದು ಯುನಿಟ್ಟಿನಲ್ಲಿ ಇಂದಿನ ದೊಡ್ಡ ಬ್ಯಾಟರಿಯ ಫೋನನ್ನೂ ಸುಮಾರು 40 ಸಲ ಪೂರ್ತಿ ಚಾರ್ಜ್ ಮಾಡಬಹುದು. ಆ ಒಂದು ಯುನಿಟ್ಟಿಗೆ ಆಸೆಪಟ್ಟು ಸಾಕೆಟ್ ಕಡಿದದ್ದರಿಂದಲೇ ರಟ್ಟಿನ ತುಂಡು ಬಂತು, ಎಸಿಯ ಉಳಿತಾಯವೂ ಹೋಯಿತು.

ಇದಕ್ಕೆ ಪರಿಹಾರ ಡಿಬಿ ಬಾಕ್ಸಿನಲ್ಲೇ ಇದೆ. ಎಲೆಕ್ಟ್ರಿಷಿಯನ್ನರು 'ಡೈರೆಕ್ಟ್ ಲೈನ್' ಎನ್ನುವುದನ್ನು, ಅಂದರೆ ಕಾಂಟ್ಯಾಕ್ಟರಿಗೆ ಮೊದಲೇ ತೆಗೆದ ಒಂದು ಸರ್ಕ್ಯೂಟನ್ನು, ಹಾಸಿಗೆ ಪಕ್ಕದ ಸಾಕೆಟ್, ಮೇಜಿನ ಸಾಕೆಟ್, ಫ್ರಿಜ್ ಮತ್ತು ಒಂದು ರಾತ್ರಿ ದೀಪಕ್ಕೆ ಕೊಡಬೇಕು. ಹೊಸ ಕಟ್ಟಡವಾದರೆ ಹೆಚ್ಚುವರಿ ಒಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಒಂದಿಷ್ಟು ವೈರು, ಅಷ್ಟೇ. ಹಳೆಯ ಕಟ್ಟಡದಲ್ಲಿ ಗೋಡೆ ಕೊರೆಯಬೇಕಾದೀತು, ಹಾಗಾಗಿ ಪೇಂಟಿಂಗಿಗೆ ರೂಂ ಮುಚ್ಚುವಾಗಲೇ ಈ ಕೆಲಸ ಸೇರಿಸಿಕೊಳ್ಳಿ ಎಂದು ಹೇಳುತ್ತೇನೆ. ಫ್ರಿಜ್ಜಿನ ಮಾತಂತೂ ಬರೀ ಅನುಕೂಲದ್ದಲ್ಲ. ಬಳಕೆಗೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹಾಲೂಡಿಸುವ ತಾಯಂದಿರು ತೆಗೆದಿಟ್ಟ ಹಾಲನ್ನೂ ಅದರಲ್ಲೇ ಇಡುತ್ತಾರೆ. ರೂಮಿನ ಮಿನಿಬಾರ್ ಫ್ರಿಜ್ಜುಗಳು ಹೆಚ್ಚಾಗಿ ಕಂಪ್ರೆಸರ್ ಇಲ್ಲದ, ಸದ್ದು ಮಾಡದ ಬಗೆಯವು. ಮನೆಯ ಫ್ರಿಜ್ಜಿನಷ್ಟು ಬೇಗ ಅವು ತಣ್ಣಗಾಗುವುದಿಲ್ಲ, ಗಂಟೆಗಟ್ಟಲೆ ಬೇಕು. ದಿನಕ್ಕೆ ಎರಡು ಸಲ ಕಾರ್ಡ್ ತೆಗೆದು ಹೋದರೆ ಅದು ತಣ್ಣನೆಯ ಪೆಟ್ಟಿಗೆಯಾಗುವುದೇ ಇಲ್ಲ. ಬುಕ್ ಆಗದ ರೂಮಿನ ಫ್ರಿಜ್ಜನ್ನು ಹೌಸ್‌ಕೀಪಿಂಗ್‌ನವರು ಆರಿಸಿ, ಬಾಗಿಲು ಸ್ವಲ್ಪ ತೆರೆದಿಡಲಿ. ಅಲ್ಲಿ ನಿಜವಾದ ಉಳಿತಾಯವಿದೆ, ಯಾರಿಗೂ ತೊಂದರೆಯಿಲ್ಲ.

ಎಸಿಯನ್ನು ಕಾರ್ಡಿಗೆ ಜೋಡಿಸುವ ರೀತಿಯೂ ಮುಖ್ಯ. ಅನೇಕ ಕಡೆ ಸ್ಪ್ಲಿಟ್ ಎಸಿಯ ಲೈನನ್ನೇ ಕಾಂಟ್ಯಾಕ್ಟರಿನಿಂದ ಕಡಿಯುತ್ತಾರೆ. ಅತಿಥಿ ಬಂದು ಕಾರ್ಡ್ ಹಾಕಿದರೆ ಕಂಪ್ರೆಸರ್ ತನ್ನ ರಕ್ಷಣೆಗಾಗಿ ಸುಮಾರು ಮೂರು ನಿಮಿಷ ಕಾದು ಶುರುವಾಗುತ್ತದೆ. ಬಿಸಿಲಲ್ಲಿ ಬಂದವರು ಅಷ್ಟರಲ್ಲಿ ರಿಮೋಟ್ ಒತ್ತಿ ಒತ್ತಿ 16ಕ್ಕೆ ಇಳಿಸಿರುತ್ತಾರೆ. ಸಾಧಾರಣ ಎಸಿಯಲ್ಲಿ 16ಕ್ಕೆ ಇಟ್ಟರೆ ರೂಂ ಬೇಗ ತಣ್ಣಗಾಗುವುದಿಲ್ಲ, ಸುಮ್ಮನೆ ಹೆಚ್ಚು ಹೊತ್ತು ಓಡುತ್ತದೆ. ಆಮೇಲೆ ಮಲಗಿದವರು ಚಳಿಗೆ ಎದ್ದು ಆರಿಸುವವರೆಗೂ ಓಡುತ್ತಲೇ ಇರುತ್ತದೆ. ಕರಾವಳಿಯಲ್ಲಿ ಸಮಸ್ಯೆ ಇನ್ನೂ ಒಂದು ಹೆಜ್ಜೆ ಮುಂದೆ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ದಿನವೆಲ್ಲ ಎಸಿ ಆರಿಸಿಟ್ಟ ರೂಮಿನ ಹಾಸಿಗೆ, ಪರದೆಗಳೆಲ್ಲ ಮುಗ್ಗಲು ವಾಸನೆ ಹಿಡಿಯುತ್ತವೆ. ಲೈನ್ ಕಡಿಯುವ ಬದಲು ಕಾರ್ಡಿನಿಂದ ಎಸಿಗೆ 'ರೂಂ ಖಾಲಿ' ಎಂಬ ಸೂಚನೆ ಮಾತ್ರ ಕೊಟ್ಟು, ಅದು ತಾನಾಗಿ 27 ಡಿಗ್ರಿಗೆ ಏರುವಂತೆ ಮಾಡುವುದು ಸರಿಯಾದ ದಾರಿ. ಹೋಟೆಲಿಗೆಂದೇ ಮಾಡಿದ ಥರ್ಮೊಸ್ಟಾಟುಗಳಲ್ಲಿ ಈ ವೈರಿಗೆ ಜಾಗ ಇರುತ್ತದೆ. ಅದನ್ನು ಜೋಡಿಸದೇ ಬಿಟ್ಟಿರುವುದನ್ನೇ ನಾನು ಹೆಚ್ಚಾಗಿ ಕಾಣುವುದು.

ಕಾರ್ಡಿನ ಬದಲು ಸೆನ್ಸರ್ ಹಾಕಿಸಿದ್ದೇವೆ, ಇನ್ನೇನು ತೊಂದರೆ ಎನ್ನುವವರಿದ್ದಾರೆ. ಸಾಮಾನ್ಯವಾಗಿ ಬಳಸುವ ಪಿಐಆರ್ ಸೆನ್ಸರ್ ಮನುಷ್ಯನನ್ನು ನೋಡುವುದಿಲ್ಲ, ಚಲಿಸುವ ಮೈಶಾಖವನ್ನು ನೋಡುತ್ತದೆ. ಹೊದ್ದು ಮಲಗಿದವರು ಅಲುಗಾಡದಿದ್ದರೆ ಅದರ ಪಾಲಿಗೆ ರೂಂ ಖಾಲಿ. ಇಪ್ಪತ್ತು ನಿಮಿಷದ ಟೈಮರ್ ಮುಗಿದ ಕೂಡಲೇ ಎಸಿ ನಿಲ್ಲುತ್ತದೆ, ಸೆಕೆಗೆ ಎಚ್ಚರವಾಗುತ್ತದೆ, ಕೈ ಆಡಿಸಿದರೆ ಮತ್ತೆ ಶುರು. ರಾತ್ರಿಯಿಡೀ ಹೀಗೆ ನಡೆದರೆ ಅತಿಥಿ ಬೆಳಿಗ್ಗೆ ರಿಸೆಪ್ಷನ್ನಿನಲ್ಲಿ ಎಸಿ ಕೆಟ್ಟಿದೆ ಎಂದು ದೂರುತ್ತಾರೆ. ಮೆಕ್ಯಾನಿಕ್ ಬಂದು ಓಡಾಡುತ್ತಾ ಪರೀಕ್ಷೆ ಮಾಡಿದಾಗ ಎಲ್ಲವೂ ಸರಿಯಾಗಿರುತ್ತದೆ. ಕೆಲವು ಕಡೆ ಸೆನ್ಸರನ್ನು ಬಾಗಿಲ ಬಳಿಯ ಫಾಲ್ಸ್ ಸೀಲಿಂಗಿನಲ್ಲೇ ಕೂರಿಸಿರುತ್ತಾರೆ, ಡಿಬಿಗೆ ಹತ್ತಿರ, ವೈರು ಕಡಿಮೆ ಎಂದು. ಅಲ್ಲಿಂದ ಅದಕ್ಕೆ ಹಾಸಿಗೆ ಕಾಣುವುದೇ ಇಲ್ಲ. ಬಾತ್‌ರೂಮಿನಲ್ಲಿ ಇನ್ನೊಂದು ಕಾಟ. ಶವರಿಗೆ ಗಾಜಿನ ಅಡ್ಡಗೋಡೆ ಇದ್ದರೆ ಮೈಶಾಖದ ಕಿರಣ ಗಾಜನ್ನು ದಾಟುವುದಿಲ್ಲ. ನಮ್ಮ ಕಣ್ಣಿಗೆ ಆರಪಾರ ಕಾಣುವ ಗಾಜು ಸೆನ್ಸರಿಗೆ ಗೋಡೆ. ತಲೆಗೆ ಶಾಂಪೂ ಹಚ್ಚಿ ಕಣ್ಣು ಮುಚ್ಚಿಕೊಂಡವರು ಕಣ್ಣು ತೆರೆಯುವಾಗ ದೀಪ ಆರಿರುತ್ತದೆ, ಕಾಲಡಿ ಒದ್ದೆ ಟೈಲ್ಸ್. ಬಾತ್‌ರೂಮಿನ ಮುಖ್ಯ ದೀಪವನ್ನು ಸೆನ್ಸರಿಗೆ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಲಗುವ ಜಾಗಕ್ಕೆ ಬಾಗಿಲು ತೆರೆದು ಮುಚ್ಚುವುದನ್ನು ಗುರುತಿಸುವ ಸ್ವಿಚ್ಚನ್ನೂ ಸೇರಿಸಿದ ವ್ಯವಸ್ಥೆ ಬೇಕು. ಬಾಗಿಲು ಮುಚ್ಚಿದ ಮೇಲೆ ಒಳಗೆ ಒಂದೇ ಒಂದು ಸಲ ಚಲನೆ ಕಂಡರೂ, ಬಾಗಿಲು ಮತ್ತೆ ತೆರೆಯುವವರೆಗೆ ಒಳಗೆ ಜನ ಇದ್ದಾರೆ ಎಂದೇ ಅದು ಹಿಡಿಯಬೇಕು. ಹೀಗಿದ್ದರೆ ಅತಿಥಿ ಎಷ್ಟು ಗಾಢವಾಗಿ ಮಲಗಿದರೂ ಎಸಿ ನಿಲ್ಲುವುದಿಲ್ಲ.

ಬಾಲ್ಕನಿ ಬಾಗಿಲು ತೆರೆದರೆ ಎಸಿ ನಿಲ್ಲುವ ಮ್ಯಾಗ್ನೆಟ್ ಸ್ವಿಚ್ಚಿನ ಪರ ನಾನಿದ್ದೇನೆ. ಆದರೆ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಅದು ಎಸಿಯನ್ನು ಓಡಲು ಬಿಡುವುದಿಲ್ಲ. ಜೂನ್‌ಗೆ ಮೊದಲೊಮ್ಮೆ ಎಲ್ಲ ಬಾಗಿಲುಗಳನ್ನೂ ನೋಡಿಸಬೇಕು, ಬಾಗಿಲು ಪೂರ್ತಿ ಮುಚ್ಚದಿದ್ದರೆ ಎಸಿ ಓಡುವುದಿಲ್ಲ ಎಂದು ಬಾಗಿಲ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಸಬೇಕು.

ನನಗೆ ಸಿಟ್ಟು ಬರುವುದು ಸುಳ್ಳು ಹೇಳುವ ಥರ್ಮೊಸ್ಟಾಟಿನ ಬಗ್ಗೆ. ಗೋಡೆಯ ಮೇಲೆ 18 ಎಂದು ತೋರಿಸುತ್ತದೆ, ಒಳಗೆ 23ಕ್ಕಿಂತ ಕೆಳಗೆ ಇಳಿಯದಂತೆ ಕಟ್ಟಿರುತ್ತಾರೆ. ಮಿತಿ ಹಾಕುವುದೇ ಆದರೆ ಆ ಮಿತಿಯನ್ನೇ ತೋರಿಸಲಿ. ಅತಿಥಿಯನ್ನು ಒಲಿಸಿಕೊಳ್ಳುವ ದಾರಿ ಬೇರೆಯೇ ಇದೆ, ಅದಕ್ಕೆ ಉದಾಹರಣೆಯೂ ನಮ್ಮ ಮುಂದಿದೆ. ಕೇಂದ್ರ ಸರ್ಕಾರದ ಬ್ಯೂರೊ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ, 2020ರ ಜನವರಿ 1ರಿಂದ ಸ್ಟಾರ್ ಗುರುತಿನ ರೂಂ ಎಸಿಗಳೆಲ್ಲ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂದು ಮಾಡಿತು. ಬೇಕಾದವರು ಬದಲಿಸಿಕೊಳ್ಳಬಹುದು, ಯಾರ ಕೈಯನ್ನೂ ಕಟ್ಟಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬಿಇಇ ಲೆಕ್ಕ. ಅತಿಥಿ ಬಾಗಿಲು ತೆರೆದಾಗ ರೂಂ ಆಗಲೇ 24ರಲ್ಲಿ ಹಿತವಾಗಿದ್ದರೆ ರಿಮೋಟ್ ಮುಟ್ಟಲು ಕಾರಣವೇ ಇರುವುದಿಲ್ಲ. ಜೊತೆಗೊಂದು ಸೀಲಿಂಗ್ ಫ್ಯಾನ್ ಇದ್ದರಂತೂ 26 ಕೂಡ ಸಾಕಾಗುತ್ತದೆ. ಹಳೆಯ ಫ್ಯಾನಿಗೆ 75 ವ್ಯಾಟ್ ಬೇಕಿತ್ತು, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ ಮೂವತ್ತರ ಆಸುಪಾಸು ಸಾಕು. ಚೆಂದಕ್ಕೆಂದು ಫ್ಯಾನ್ ಕಿತ್ತುಹಾಕುವ ಹೋಟೆಲುಗಳು ಎಸಿ ಬಿಲ್ಲನ್ನು ತಾವೇ ಏರಿಸಿಕೊಳ್ಳುತ್ತಿವೆ. ಬಿಎಲ್‌ಡಿಸಿ ಹಾಕಿಸುವಾಗ ಮಾತ್ರ ಗೋಡೆಯಲ್ಲೂ ಕಂಟ್ರೋಲ್ ಇರುವುದನ್ನೇ ಆರಿಸಿ. ರಿಮೋಟ್ ಕಳೆದ ರಾತ್ರಿ ಫ್ಯಾನಿನ ವೇಗ ಕಡಿಮೆ ಮಾಡಲು ರೂಂ ಬಾಯ್‌ನನ್ನು ಎಬ್ಬಿಸುವಂತೆ ಆಗಬಾರದು.

ಎಸಿಯೇ ಬೇಡದ ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಜಗಳವೆಲ್ಲ ಬಿಸಿನೀರಿನದು. 'ಬಿಸಿನೀರು ಬೆಳಿಗ್ಗೆ 6ರಿಂದ 9' ಎಂಬ ಬೋರ್ಡ್ ನೋಡದ ಕನ್ನಡಿಗರು ಯಾರಿದ್ದಾರೆ? ಬೆಟ್ಟ ಹತ್ತಿ ಕೆಸರಾಗಿ ಸಂಜೆ ಐದಕ್ಕೆ ಬಂದವರಿಗೆ ಆ ಹೊತ್ತಿನಲ್ಲೇ ನೀರು ಬೇಕು. ಮಳೆಗಾಲದಲ್ಲಿ ಸೋಲಾರಿನ ನೀರು ಕಾಯುವುದಿಲ್ಲ, ಟ್ಯಾಂಕಿನೊಳಗಿನ ಕಾಯಿಲನ್ನು ಮಾಲೀಕರು ಆಫೀಸಿನಿಂದಲೇ ಆರಿಸಿರುತ್ತಾರೆ. ಆಗ ಅತಿಥಿ ಮಾಡುವುದೇನು? ಇಮ್ಮರ್ಶನ್ ರಾಡ್ ತರುತ್ತಾರೆ, ಇಲ್ಲವೇ ಟೀ ಕೆಟಲ್ಲಿನಲ್ಲಿ ಸಲಸಲಕ್ಕೂ ನೀರು ಕಾಯಿಸಿ ಬಕೆಟ್ ತುಂಬಿಸುತ್ತಾರೆ. ಇಪ್ಪತ್ತು ಲೀಟರಿನ ಬಕೆಟ್ಟನ್ನು 22ರಿಂದ 42 ಡಿಗ್ರಿಗೆ ಏರಿಸಲು ಅರ್ಧ ಯುನಿಟ್ ಹತ್ತಿರ ಬೇಕು, ಎಲ್ಲಿ ಕಾಯಿಸಿದರೂ ಅಷ್ಟೇ. ಸುತ್ತಲ ಗಾಳಿಯ ಶಾಖವನ್ನು ಎಳೆದು ನೀರು ಕಾಯಿಸುವ ಹೀಟ್ ಪಂಪ್ ಆದರೆ ಅದರ ಮೂರನೇ ಒಂದು ಪಾಲಿನಲ್ಲಿ ಆ ಕೆಲಸ ಮುಗಿಯುತ್ತದೆ. ಸಮಯ ನಿಗದಿ ಮಾಡುವ ಬೋರ್ಡಿಗಿಂತ ಆ ಯಂತ್ರದ ಮೇಲೆ ಹಣ ಹಾಕುವುದು ಮೇಲು.

ಇನ್ನು ಪೈಪು. ಟೆರೇಸಿನ ಟ್ಯಾಂಕಿನಿಂದ ಮೊದಲ ಮಹಡಿಯ ಕೊನೆಯ ರೂಮಿಗೆ ಒಂದಿಂಚಿನ ಪೈಪು 40 ಮೀಟರ್ ಹೋಗಿದೆ ಎನ್ನಿ. ಅದರೊಳಗೆ ಸುಮಾರು 20 ಲೀಟರ್ ನೀರು ನಿಂತಿರುತ್ತದೆ. ಹಳೆಯ ನಲ್ಲಿಯಲ್ಲಿ ನಿಮಿಷಕ್ಕೆ 15 ಲೀಟರ್ ಬರುತ್ತಿದ್ದಾಗ ಒಂದೂವರೆ ನಿಮಿಷದೊಳಗೆ ಬಿಸಿನೀರು ತಲುಪುತ್ತಿತ್ತು. ನೀರು ಉಳಿಸುವ ಶವರ್ ಹಾಕಿ ಅದನ್ನು ಐದು ಲೀಟರಿಗೆ ಇಳಿಸಿದರೆ ನಾಲ್ಕು ನಿಮಿಷ. ಅತಿಥಿ ಶವರ್ ತೆರೆದಿಟ್ಟು ಹಲ್ಲುಜ್ಜಲು ಹೋಗುತ್ತಾರೆ, ಬಿಸಿನೀರು ಬಂದದ್ದು ಗೊತ್ತಾಗದೆ ಅದೂ ಹರಿದುಹೋಗುತ್ತದೆ. ಸ್ನಾನ ಮುಗಿದ ಮೇಲೆ ಪೈಪಿನಲ್ಲಿ ಉಳಿದ ಬಿಸಿನೀರು ತಣ್ಣಗಾದರೆ ಮುಕ್ಕಾಲು ಯುನಿಟ್ಟಿನಷ್ಟು ಶಾಖ ಗೋಡೆಗೆ ಹೋಗಿರುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಬೆಂಗಳೂರಿನ ಹೋಟೆಲಿಗೆ ಇದು ಎರಡು ಕಡೆಯ ನಷ್ಟ. ಶವರ್ ಬದಲಿಸುವ ಮೊದಲು ಪೈಪಿಗೆ ಇನ್ಸುಲೇಷನ್ ಸುತ್ತಿಸಿ, ಪೈಪಿನಲ್ಲಿ ತಣ್ಣಗಾದ ನೀರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನ್ ಎಳೆಸಿ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಓಡುವ ಸಣ್ಣ ಪಂಪ್ ಕೂರಿಸಿ. ಆಮೇಲೆ ಹಾಕಿದ ಉಳಿತಾಯದ ಶವರಿನ ಬಗ್ಗೆ ಯಾರೂ ದೂರುವುದಿಲ್ಲ.

ಈ ಎಲ್ಲದರಲ್ಲಿ ಮೊದಲು ಯಾವುದನ್ನು ಮಾಡಲಿ ಎಂದು ಕೇಳಿದರೆ, ಈ ವಾರವೇ ಪ್ರತಿ ರೂಮಿಗೆ ಎರಡನೇ ಕಾರ್ಡ್ ಕೊಡಲು ಶುರುಮಾಡಿ ಎನ್ನುತ್ತೇನೆ. ಅದಕ್ಕೆ ಹೆಚ್ಚು ಖರ್ಚಿಲ್ಲ. ಅತಿಥಿಗಳಿಗೂ ಒಂದು ಮಾತು. ಇನ್ಸುಲಿನ್ ಇದ್ದರೆ, ಉಸಿರಾಟದ ಯಂತ್ರ ಇದ್ದರೆ, ವಯಸ್ಸಾದವರು ಜೊತೆಗಿದ್ದರೆ ಚೆಕ್-ಇನ್ ಮಾಡುವಾಗಲೇ ಹೇಳಿ. ಕಾರ್ಡ್ ತೆಗೆದರೂ ಯಾವ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆ ಎಂದು ಕೇಳಿ. ಕೆಲವು ಹೋಟೆಲುಗಳಲ್ಲಿ ಫ್ರಿಜ್ಜಿನ ಹಿಂದಿನ ಅಥವಾ ಟಿವಿಯ ಹಿಂದಿನ ಸಾಕೆಟ್ ಡೈರೆಕ್ಟ್ ಲೈನಿನಲ್ಲಿರುತ್ತದೆ. ಒಂದೂ ಇಲ್ಲವೆಂದರೆ ಔಷಧವನ್ನು ಹೆಸರು ಬರೆದ ಡಬ್ಬಿಯಲ್ಲಿಟ್ಟು ಅಡುಗೆಮನೆಯ ಫ್ರಿಜ್ಜಿನಲ್ಲಿ ಇಡಿಸಿಕೊಡಲು ಮ್ಯಾನೇಜರನ್ನು ಕೇಳಿ, ಫ್ರೀಜರಿನಲ್ಲಿ ಬೇಡ ಎಂದು ಒತ್ತಿ ಹೇಳಿ. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲ.